ಜನಮತಗಣನೆ ಯಾವ ಸಂವಿಧಾನದಲ್ಲಿ ಯಾವಾಗ ಕಡ್ಡಾಯ? ಗೋಡೆಪಟ್ಟಿಗೆ ಸಹಾಯ ಬೇಕು

ಮಣಿಪಾಲ ಗುಡ್ಡೆ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ನವೆಂಬರ್ 26ರ ಸಂವಿಧಾನ ದಿನಕ್ಕೆ ಉಡುಪಿಯ ಪಿಯು ಕಾಲೇಜೊಂದರ ಮಕ್ಕಳು ಗೋಡೆಗೆ ಹಾಕ್ಲಿಕ್ಕೆ ದೊಡ್ಡದೊಂದು ಪಟ್ಟಿ ಮಾಡ್ತಿದ್ದಾರೆ. ಯಾವ ದೇಶದ ಸಂವಿಧಾನ ಯಾವ ಸಂದರ್ಭದಲ್ಲಿ ಜನಮತಗಣನೆ ಬೇಕೇ ಬೇಕು ಅಂತ ಹೇಳ್ತದೆ ಅನ್ನುವುದು ವಿಷಯ. ಈಗ ನಾಲ್ಕು ಕಾಲಂ ಉಂಟು: ದೇಶ, ವಿಧಿ ಸಂಖ್ಯೆ, ಕಡ್ಡಾಯ ಹೌದು/ಅಲ್ಲ, ಬೇಕಾದ ಬಹುಮತ.

ತುಂಬಿಸ್ಲಿಕ್ಕೆ ಕೂತಾಗಲೇ ಕಗ್ಗಂಟಾಯಿತು. ಇಟಲಿಗೆ ಒಂದು ಪುಸ್ತಕದಲ್ಲಿ ‘ಕಡ್ಡಾಯ’, ಇನ್ನೊಂದರಲ್ಲಿ ‘ಐಚ್ಛಿಕ’. ಡೆನ್ಮಾರ್ಕಿಗೆ ಶೇ 40 ಅಂತಲೂ ಸಿಗ್ತದೆ, ಶೇ 30 ಅಂತಲೂ ಸಿಗ್ತದೆ. ಸ್ಪೇನ್ 1992, 2011, 2024ರಲ್ಲಿ ಸಂವಿಧಾನ ತಿದ್ದಿತು, ಒಮ್ಮೆಯೂ ಜನರನ್ನು ಕೇಳಲಿಲ್ಲ, ಆದರೂ ‘ಕಡ್ಡಾಯ’ ಅಂತ ಬರೆದವರಿದ್ದಾರೆ. ಭಾರತದ ಸಾಲಿನಲ್ಲಿ ಬರೀ ‘ಇಲ್ಲ’ ಅಂತ ಬರೆದರೆ ಸಾಕಾ? ತಪ್ಪು ಬರೆದು ಗೋಡೆಗೆ ಹಾಕುವುದು ಬೇಡ ಅಂತ ಕೇಳ್ತಿದ್ದೇನೆ.

ಹಂಪನಕಟ್ಟೆ ಕಡತ

ಮೇಡಂ, ಮೂರನೇ ಕಾಲಂ ಅಳಿಸಿಬಿಡಿ. ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುತ್ತಿದೆ. ‘ಹೌದು/ಅಲ್ಲ’ ಬದಲು ‘ಏನಾದರೆ ಜನರ ಬಳಿ ಹೋಗಬೇಕು’ ಅಂತ ಬರೆಯಿರಿ. ಆಗ ದೇಶಗಳು ತಾವಾಗಿಯೇ ಮೂರು ಗುಂಪಾಗಿ ಕೂತುಕೊಳ್ಳುತ್ತವೆ.

ಮೊದಲ ಗುಂಪಿನಲ್ಲಿ ಸಂವಿಧಾನದ ಯಾವ ಮಾತನ್ನು ತಿದ್ದಿದರೂ ಜನರ ಒಪ್ಪಿಗೆ ಬೇಕು. ಐರ್ಲೆಂಡ್ ಇದರಲ್ಲಿ ಅತಿ ಸ್ಪಷ್ಟ. 1937ರ ಸಂವಿಧಾನದ 46ನೇ ವಿಧಿ ಪ್ರಕಾರ ಮಸೂದೆ ಎರಡೂ ಸದನ ದಾಟಿ ಜನರ ಮುಂದೆ ಬರಬೇಕು. ಆ ಮಸೂದೆಯೊಳಗೆ ಬೇರೆ ಯಾವ ಪ್ರಸ್ತಾವವನ್ನೂ ತುರುಕುವಂತಿಲ್ಲ. 47ನೇ ವಿಧಿ ಪ್ರಕಾರ ಚಲಾಯಿತ ಮತಗಳ ಬಹುಮತ ಸಾಕು, ಇಷ್ಟು ಮಂದಿ ಮತ ಹಾಕಲೇಬೇಕು ಎಂಬ ಶರತ್ತಿಲ್ಲ. ಯುರೋಪ್ ಒಕ್ಕೂಟದ ದೊಡ್ಡ ಒಪ್ಪಂದಗಳಿಗೆ ಐರ್ಲೆಂಡ್ ಜನಮತಗಣನೆ ನಡೆಸುತ್ತಾ ಬಂದಿದೆ, ಹಾಗಾಗಿ ಒಪ್ಪಂದಕ್ಕೆ ಅಲ್ಲಿ ಜನಮತ ಕಡ್ಡಾಯ ಎಂದು ಬರೆಯುವವರಿದ್ದಾರೆ. ಅಂಥ ವಿಧಿ ಅಲ್ಲಿನ ಸಂವಿಧಾನದಲ್ಲಿ ಇಲ್ಲ. 1987ರ ಕ್ರೊಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಏಕ ಯುರೋಪ್ ಕಾಯ್ದೆ ಎಂಬ ಒಪ್ಪಂದದ ವಿದೇಶಾಂಗ ನೀತಿಯ ಭಾಗವನ್ನು ಸಂವಿಧಾನ ತಿದ್ದದೆ ಅನುಮೋದಿಸಲು ಬರುವುದಿಲ್ಲ ಎಂದಿತು. ತಿದ್ದಬೇಕಾದರೆ 46ನೇ ವಿಧಿ, 46 ಬಂದರೆ ಜನಮತ. ಲಿಸ್ಬನ್ ಒಪ್ಪಂದ 2008ರ ಜೂನ್ 12ರಂದು ಬಿದ್ದದ್ದು, 2009ರ ಅಕ್ಟೋಬರ್ 2ರಂದು ಗೆದ್ದದ್ದು, ಎರಡೂ ಈ ದಾರಿಯಲ್ಲೇ.

ಆಸ್ಟ್ರೇಲಿಯಾದ 128ನೇ ವಿಧಿಯೂ ಇದೇ ಗುಂಪು. ಸಂಸತ್ತು ಒಪ್ಪಿದ ಮೇಲೆ ಎರಡು ತಿಂಗಳಿಗೆ ಮೊದಲು ಅಲ್ಲ, ಆರು ತಿಂಗಳು ದಾಟಿಯೂ ಅಲ್ಲ, ಆ ನಡುವೆ ಮತದಾನ. ಅಲ್ಲಿ ಬೇಕಾದದ್ದು ಜೋಡಿ ಬಹುಮತ: ಇಡೀ ದೇಶದಲ್ಲಿ ಹೆಚ್ಚು, ಜೊತೆಗೆ ಹೆಚ್ಚಿನ ರಾಜ್ಯಗಳಲ್ಲೂ ಹೆಚ್ಚು. ರಾಜ್ಯ ಆರು, ಮೂರು ಸಿಕ್ಕರೆ ಅದು ಸಮ, ಬಹುಮತವಲ್ಲ. ನಾಲ್ಕೇ ಬೇಕು. 1977ರಲ್ಲಿ ಎರಡು ಸದನಗಳ ಚುನಾವಣೆ ಒಟ್ಟಿಗೆ ನಡೆಸುವ ಪ್ರಸ್ತಾವಕ್ಕೆ ದೇಶದಲ್ಲಿ ಶೇ 62 ಮಂದಿ ‘ಹೌದು’ ಎಂದರು. ಗೆದ್ದದ್ದು ಮೂರೇ ರಾಜ್ಯಗಳಲ್ಲಿ, ಪ್ರಸ್ತಾವ ಬಿತ್ತು. 2023ರ ಅಕ್ಟೋಬರ್ 14ರ ಮತದಾನದವರೆಗೆ ಒಟ್ಟು 45 ಪ್ರಸ್ತಾವ, ಪಾಸಾದದ್ದು 8.

ಜಪಾನಿನ 96ನೇ ವಿಧಿಗೆ ಪ್ರತಿ ಸದನದ ಒಟ್ಟು ಸದಸ್ಯರ ಮೂರನೇ ಎರಡು, ಆಮೇಲೆ ಜನರ ಬಹುಮತ. 1947ರಲ್ಲಿ ಜಾರಿಗೆ ಬಂದ ಸಂವಿಧಾನಕ್ಕೆ ಇಂದಿಗೂ ಒಂದು ತಿದ್ದುಪಡಿ ಆಗಿಲ್ಲ. ಮತದಾನ ಹೇಗೆ ನಡೆಸಬೇಕು ಎಂಬ ಕಾಯ್ದೆಯೇ 2007ರವರೆಗೆ ಇರಲಿಲ್ಲ. ದಕ್ಷಿಣ ಕೊರಿಯಾದ 130ನೇ ವಿಧಿಯಲ್ಲೂ ಸಂಸತ್ತಿನ ಮೂರನೇ ಎರಡು, ಅಲ್ಲಿಂದ 30 ದಿನದೊಳಗೆ ಜನಮತ.

ಎರಡನೇ ಗುಂಪಿನಲ್ಲಿ ಕೆಲವು ವಿಧಿಗಳಿಗೆ ಮಾತ್ರ ಬೀಗ. ನಿಮ್ಮ ಸ್ಪೇನ್ ಇಲ್ಲಿ ಬರುತ್ತದೆ. ಪೀಠಿಕಾ ಭಾಗ, ಮೂಲಭೂತ ಹಕ್ಕುಗಳ ತಿರುಳು, ಅರಸೊತ್ತಿಗೆ, ಅಥವಾ ಇಡೀ ಸಂವಿಧಾನ ಮುಟ್ಟಿದರೆ 168ನೇ ವಿಧಿ: ಎರಡೂ ಸದನದಲ್ಲಿ ಮೂರನೇ ಎರಡು, ತಕ್ಷಣ ವಿಸರ್ಜನೆ, ಚುನಾವಣೆ, ಹೊಸ ಸದನಗಳಲ್ಲಿ ಮತ್ತೆ ಮೂರನೇ ಎರಡು, ಆಮೇಲೆ ಜನಮತ. ಈ ದಾರಿಯನ್ನು ಈವರೆಗೆ ಯಾರೂ ತುಳಿದಿಲ್ಲ. ಉಳಿದ ವಿಧಿಗಳಿಗೆ 167: ಐದನೇ ಮೂರು ಸಾಕು, ಯಾವುದಾದರೂ ಸದನದ ಹತ್ತನೇ ಒಂದು ಸದಸ್ಯರು 15 ದಿನದೊಳಗೆ ಕೇಳಿದರೆ ಮಾತ್ರ ಜನಮತ. ನೀವು ಹೇಳಿದ ಮೂರೂ ಸಲ ಅಷ್ಟು ಸದಸ್ಯರು ಕೇಳಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. 83ನೇ ವಿಧಿ ಬೀಗ ಹಾಕಿದ ವಿಧಿಗಳನ್ನು ಎಣಿಸಿ ಹೇಳುತ್ತದೆ: 1, 2, 3, 6ರಿಂದ 11, ಜೊತೆಗೆ 83 ತಾನೇ. ಅಧ್ಯಕ್ಷರ ಅಥವಾ ಸಂಸತ್ತಿನ ಅವಧಿಯನ್ನು ಆರು ವರ್ಷ ದಾಟಿಸುವುದಕ್ಕೂ ಅದೇ ಬೀಗ. ಮಸೂದೆಗೆ ಜನಮತ ಬೇಕೋ ಬೇಡವೋ ಎಂದು ಮೊದಲೇ ಹೇಳುವುದು ಸುಪ್ರೀಂ ಕೋರ್ಟು. ಹಾಗಾಗಿ ಅಲ್ಲಿ ನಿಜವಾಗಿ ನಡೆಯುವುದು ಬೇರೆ: 2015ರ 19ನೇ ತಿದ್ದುಪಡಿಯಲ್ಲಿ ಕೆಲವು ಕಲಮುಗಳಿಗೆ ಜನಮತ ಬೇಕು ಎಂದು ಕೋರ್ಟು ಹೇಳಿದ ಮೇಲೆ ಸರಕಾರ ಆ ಕಲಮುಗಳನ್ನೇ ಕೈಬಿಟ್ಟು ಉಳಿದದ್ದನ್ನು ಪಾಸು ಮಾಡಿಕೊಂಡಿತು. ಕಡ್ಡಾಯ ಜನಮತದ ಬಹುಪಾಲು ಕೆಲಸ ಹೀಗೆಯೇ, ಮತಗಟ್ಟೆ ತೆರೆಯುವ ಮೊದಲೇ ಆಗಿಹೋಗುತ್ತದೆ.

ಮೂರನೇ ಗುಂಪಿನಲ್ಲಿ ಸಂಸತ್ತಿನೊಳಗೆ ಬಹುಮತ ಸಾಲದಿದ್ದರೆ ಮಾತ್ರ ಜನರ ಸರದಿ. ಇಟಲಿಯ 138ನೇ ವಿಧಿ: ಪ್ರತಿ ಸದನ ಎರಡು ಸಲ ಒಪ್ಪಬೇಕು, ನಡುವೆ ಕನಿಷ್ಠ ಮೂರು ತಿಂಗಳು. ಎರಡನೇ ಸಲ ಎರಡೂ ಕಡೆ ಮೂರನೇ ಎರಡು ಬಂದರೆ ಜನಮತಕ್ಕೆ ಅವಕಾಶವೇ ಇಲ್ಲ. ಬರದಿದ್ದರೆ ಮೂರು ತಿಂಗಳೊಳಗೆ ಒಂದು ಸದನದ ಐದನೇ ಒಂದು ಸದಸ್ಯರು, ಇಲ್ಲವೇ 5 ಲಕ್ಷ ಮತದಾರರು, ಇಲ್ಲವೇ ಐದು ಪ್ರಾದೇಶಿಕ ಮಂಡಳಿಗಳು ಕೇಳಬಹುದು. ಕೇಳಿದರೆ ನಡೆಸಲೇಬೇಕು. ನಿಮ್ಮ ಎರಡು ಪುಸ್ತಕಗಳೂ ಅರ್ಧರ್ಧ ಸರಿ.

ಬ್ರಿಟನ್ನಿನ 2016ರ ಮತದಾನವನ್ನು ಪಟ್ಟಿಗೆ ಹಾಕಬೇಡಿ. ಅದು ಒಂದು ಸಾಮಾನ್ಯ ಕಾಯ್ದೆಯಿಂದ ನಡೆದದ್ದು, ಸಲಹೆಯ ಸ್ವರೂಪದ್ದು. 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಯುರೋಪ್ ಒಕ್ಕೂಟ ಬಿಡುವ ನೋಟಿಸು ಕೊಡಲು ಸಂಸತ್ತಿನ ಕಾಯ್ದೆಯೇ ಬೇಕು ಎಂದಿತು.

ಕಾಪು ದೀಪಸ್ತಂಭ

ಮೇಲಿನದ್ದು ಸರಿ. ಆದರೆ ಮಕ್ಕಳ ಪಟ್ಟಿ ಹೆಚ್ಚಾಗಿ ತಪ್ಪುವುದು ಕೊನೆಯ ಕಾಲಂನಲ್ಲಿ. ‘ಬಹುಮತ’ ಅಂತ ಬರೆದರೆ ಮುಗಿಯುವುದಿಲ್ಲ, ಯಾರ ಬಹುಮತ? ಭಿನ್ನರಾಶಿಯಲ್ಲಿ ಛೇದ ಬರೆಯದೆ ಅಂಶ ಮಾತ್ರ ಬರೆದ ಹಾಗೆ ಆಗ್ತದೆ. ಛೇದದಲ್ಲಿ ಸಿಂಧು ಮತಗಳಾ, ಚಲಾಯಿಸಿದ ಎಲ್ಲ ಮತಗಳಾ, ಅಥವಾ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂನಾ? ಇದಕ್ಕೊಂದು ಕಾಲಂ ಬೇಕೇ ಬೇಕು. ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ:

ಹತ್ತು ಲಕ್ಷ ಮತದಾರರಿರುವ ಒಂದು ಜಿಲ್ಲೆಯನ್ನೇ ದೇಶ ಅಂತ ಇಟ್ಟುಕೊಳ್ಳಿ. ಮತ ಹಾಕಿದವರು 5,50,000. ಹೌದು 3,80,000. ಇಲ್ಲ 1,60,000. ತಿರಸ್ಕೃತ 10,000.

ಐರ್ಲೆಂಡಿನ ನಿಯಮದಲ್ಲಿ ಇದು ಸುಲಭವಾಗಿ ಗೆದ್ದಿತು, ಹೌದು ಇಲ್ಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕೊರಿಯಾದಲ್ಲೂ ಗೆದ್ದಿತು, ಅರ್ಧಕ್ಕಿಂತ ಹೆಚ್ಚು ಮತದಾರರು ಬಂದಿರಬೇಕು, ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೌದು ಎಂದಿರಬೇಕು, ಎರಡೂ ಆಗಿದೆ. ಡೆನ್ಮಾರ್ಕಿನಲ್ಲಿ ಸೋತಿತು. ಅಲ್ಲಿನ 88ನೇ ವಿಧಿ ಪ್ರಕಾರ ಸಂವಿಧಾನ ತಿದ್ದಲು ಹೌದು ಮತಗಳು ಒಟ್ಟು ಮತದಾರರ ಶೇ 40 ಆದರೂ ಆಗಬೇಕು. ಇಲ್ಲಿ ಶೇ 38. ಲಿಥುವೇನಿಯಾದಲ್ಲೂ ಸೋತಿತು: ಅದರ ಸಂವಿಧಾನದ ಮೊದಲ ಅಧ್ಯಾಯ ಮುಟ್ಟಲು ಪಟ್ಟಿಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎನ್ನಬೇಕು. ಅಂದರೆ 5 ಲಕ್ಷ ದಾಟಬೇಕಿತ್ತು. 2024ರ ಮೇ 12ರಂದು ಅಲ್ಲಿ ದ್ವಿಪೌರತ್ವಕ್ಕೆ ಮತ ಹಾಕಿದವರಲ್ಲಿ ಶೇ 70ಕ್ಕಿಂತ ಹೆಚ್ಚು ಮಂದಿ ಹೌದು ಎಂದರೂ ಪ್ರಸ್ತಾವ ಬಿದ್ದದ್ದು ಇದೇ ಕಾರಣಕ್ಕೆ. ಆ ದೇಶ ಸ್ವತಂತ್ರ ಪ್ರಜಾಸತ್ತಾತ್ಮಕ ಗಣರಾಜ್ಯ ಎಂಬ 1ನೇ ವಿಧಿಯನ್ನೇ ಬದಲಿಸಬೇಕಾದರೆ ಒಟ್ಟು ಮತದಾರರ ನಾಲ್ಕನೇ ಮೂರು ಬೇಕು, ನಮ್ಮ ಲೆಕ್ಕದಲ್ಲಿ 7,50,000.

ಒಂದೇ ಮತಪೆಟ್ಟಿಗೆ, ಎರಡು ಕಡೆ ಗೆಲುವು, ಎರಡು ಕಡೆ ಸೋಲು.

ಡೆನ್ಮಾರ್ಕಿನ ಶೇ 40, ಶೇ 30 ಎರಡೂ ಸರಿ, ಬೇರೆ ಬೇರೆ ವಿಧಿಗಳದ್ದು. 88ನೇ ವಿಧಿ ಸಂವಿಧಾನ ತಿದ್ದುಪಡಿಗೆ: ಸಂಸತ್ತು ಒಪ್ಪಬೇಕು, ಚುನಾವಣೆ ಆಗಬೇಕು, ಹೊಸ ಸಂಸತ್ತು ಒಂದಕ್ಷರ ಬದಲಿಸದೆ ಮತ್ತೆ ಒಪ್ಪಬೇಕು, ಆರು ತಿಂಗಳೊಳಗೆ ಜನಮತ. ಇದರಲ್ಲಿ ಮನೆಯಲ್ಲಿ ಕೂತವನು ಲೆಕ್ಕಕ್ಕೆ ‘ಇಲ್ಲ’ ಎಂದವನಾಗ್ತಾನೆ. 1939ರಲ್ಲಿ ಹೌದು ಶೇ 91ಕ್ಕೂ ಹೆಚ್ಚು, ಆದರೆ ಆಗಿನ ಮಿತಿ ಶೇ 45. ಒಟ್ಟು ಮತದಾರರ ಶೇ 44.46 ಮಾತ್ರ ಬಂದು ತಿದ್ದುಪಡಿ ಬಿತ್ತು. 1953ರಲ್ಲಿ ಶೇ 45.76 ಬಂದು ಕೂದಲೆಳೆಯಲ್ಲಿ ಪಾಸಾಯಿತು. ಶೇ 40 ಎಂಬ ಈಗಿನ ಮಿತಿ ಬಂದದ್ದು ಆ ಹೊಸ ಸಂವಿಧಾನದಲ್ಲೇ.

ಶೇ 30 ಇರುವುದು 42ನೇ ವಿಧಿಯಲ್ಲಿ. ಅಲ್ಲಿ ತಕ್ಕಡಿ ಉಲ್ಟಾ. ಮಸೂದೆ ಬೀಳಬೇಕಾದರೆ ‘ಇಲ್ಲ’ ಎಂದವರು ಹೆಚ್ಚಿರಬೇಕು, ಜೊತೆಗೆ ಅವರು ಒಟ್ಟು ಮತದಾರರ ಶೇ 30 ಆದರೂ ಇರಬೇಕು. ಇಲ್ಲಿ ಮನೆಯಲ್ಲಿ ಕೂತವನು ಮಸೂದೆಗೆ ಅಡ್ಡಿಯಿಲ್ಲ ಎಂದ ಹಾಗೆ. ದೇಶದ ಅಧಿಕಾರವನ್ನು ಅಂತರರಾಷ್ಟ್ರೀಯ ಸಂಸ್ಥೆಗೆ ಬಿಟ್ಟುಕೊಡುವ 20ನೇ ವಿಧಿಗೂ ಈ ಲೆಕ್ಕವೇ: ಸಂಸತ್ತಿನ ಆರನೇ ಐದು ಸಿಕ್ಕರೆ ಜನಮತ ಬೇಡ, ಸಾಮಾನ್ಯ ಬಹುಮತ ಮಾತ್ರ ಇದ್ದರೆ ಬೇಕು. 179 ಸದಸ್ಯರಲ್ಲಿ 150. ಯುರೋಪ್ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ 1992ರಲ್ಲಿ ಸಂಸತ್ತಿನಲ್ಲಿ ಬಿದ್ದದ್ದು ಪರ 130, ವಿರೋಧ 25. ಭಾರೀ ಬಹುಮತ, ಆದರೂ 150 ಆಗಲಿಲ್ಲ. ಜೂನ್ 2ರಂದು ಜನರ ಬಳಿ ಹೋಯಿತು, ಶೇ 50.7 ಮಂದಿ ಇಲ್ಲ ಎಂದರು.

ಪಡುಬಿದ್ರಿ ಅಳಿವೆ

ಇಟಲಿ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಇನ್ನೊಂದು ಜನಮತ ಉಂಟು, 75ನೇ ವಿಧಿ, ಇರುವ ಕಾಯ್ದೆಯನ್ನು ರದ್ದು ಮಾಡ್ಲಿಕ್ಕೆ. ಅದಕ್ಕೆ ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕೆಂಬ ಶರತ್ತು ಉಂಟು. ತೆರಿಗೆ, ಬಜೆಟ್, ಕ್ಷಮಾದಾನ, ಅಂತರರಾಷ್ಟ್ರೀಯ ಒಪ್ಪಂದಗಳನ್ನು ಅದರಲ್ಲಿ ಕೇಳುವಂತೆಯೇ ಇಲ್ಲ. 138ಕ್ಕೆ ಇಂಥ ಕೋರಂ (ಇಷ್ಟು ಮಂದಿ ಬರಲೇಬೇಕೆಂಬ ಶರತ್ತು) ಇಲ್ಲ. ಎರಡನ್ನೂ ಒಂದೇ ಸಾಲಿಗೆ ಹಾಕಿದರೆ ‘ಇಟಲಿಯಲ್ಲಿ ಸಂವಿಧಾನ ತಿದ್ದಲು ಶೇ 50 ಮತದಾನ ಬೇಕು’ ಎಂಬ ತಪ್ಪು ವಾಕ್ಯ ಹುಟ್ಟಿಕೊಳ್ತದೆ. 2020ರಲ್ಲಿ ಸಂಸದರ ಸಂಖ್ಯೆ 945ರಿಂದ 600ಕ್ಕೆ ಇಳಿದದ್ದು 138ರ ದಾರಿಯಲ್ಲಿ: ಸೆನೆಟಿನ ಎರಡನೇ ಓದಿನಲ್ಲಿ ಮೂರನೇ ಎರಡು ಬರಲಿಲ್ಲ, ಸೆನೆಟರುಗಳೇ ಜನಮತ ಕೇಳಿದರು, ಜನ ಸುಮಾರು ಶೇ 70ರಷ್ಟು ಹೌದು ಎಂದರು.

ಮಣಿಪಾಲ ಗುಡ್ಡೆ

ತುಂಬಾ ಉಪಕಾರ. ಛೇದದ ಕಾಲಂ ಸೇರಿಸಿಯಾಯಿತು, ಲೆಕ್ಕವನ್ನೂ ಪಟ್ಟಿಯ ಕೆಳಗೆ ಹಾಕ್ತೇವೆ. ಈಗ ಭಾರತದ ಸಾಲು. ‘ಗೋವಾದಲ್ಲಿ ಆಗಿತ್ತಲ್ವಾ, ಸಿಕ್ಕಿಮಿನಲ್ಲಿ ಆಗಿತ್ತಲ್ವಾ, ಹಾಗಾದರೆ ಇಲ್ಲ ಅಂತ ಹೇಗೆ ಬರೆಯುವುದು’ ಅಂತ ಒಬ್ಬಳು ಕೇಳಿದಳು. ‘ಕಾಸರಗೋಡಿನವರನ್ನು ಯಾಕೆ ಕೇಳಲಿಲ್ಲ’ ಅಂತ ಇನ್ನೊಬ್ಬ.

ನೇತ್ರಾವತಿ ದಂಡೆ

ಒಳ್ಳೆಯ ಪ್ರಶ್ನೆಗಳು, ಆ ಇಬ್ಬರಿಗೂ ನೇರ ಉತ್ತರ ಸಿಗಬೇಕು.

ಭಾರತದ ಸಂವಿಧಾನದಲ್ಲಿ ಜನಮತಗಣನೆ ಕಡ್ಡಾಯ ಮಾಡುವ ವಿಧಿ ಒಂದೂ ಇಲ್ಲ. ತಿದ್ದುಪಡಿಗೆ 368ನೇ ವಿಧಿ. ಅಲ್ಲಿಯೂ ಛೇದ ಎರಡುಂಟು, ಪಟ್ಟಿಯಲ್ಲಿ ಎರಡನ್ನೂ ತೋರಿಸಿ: ಪ್ರತಿ ಸದನದ ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. ಲೋಕಸಭೆಯ 543ರಲ್ಲಿ ಮತ ಹಾಕಿದವರು 390 ಎಂದುಕೊಳ್ಳಿ. ಮೂರನೇ ಎರಡು ಅಂದರೆ 260. ಆದರೆ 260 ಸಾಲದು, ಒಟ್ಟು ಸದಸ್ಯಬಲದ ಬಹುಮತ 272 ಆಗಲೇಬೇಕು. 420 ಮಂದಿ ಮತ ಹಾಕಿದರೆ 272 ಸಾಲದು, 280 ಬೇಕು. ಎರಡರಲ್ಲಿ ಯಾವುದು ದೊಡ್ಡದೋ ಅದು. ರಾಷ್ಟ್ರಪತಿ ಚುನಾವಣೆ, ಉಚ್ಚ ನ್ಯಾಯಾಲಯಗಳು, ಏಳನೇ ಅನುಸೂಚಿಯ ಪಟ್ಟಿಗಳು, 368 ತಾನೇ, ಇಂಥ ಕೆಲವಕ್ಕೆ ರಾಜ್ಯ ವಿಧಾನಮಂಡಲಗಳ ಅನುಮೋದನೆಯೂ ಬೇಕು, ಅದು ‘ಅರ್ಧಕ್ಕೆ ಕಡಿಮೆಯಿಲ್ಲದಷ್ಟು’. 28 ರಾಜ್ಯಗಳಲ್ಲಿ 14 ಸಾಕು. ಆಸ್ಟ್ರೇಲಿಯಾದಲ್ಲಿ ಅರ್ಧ ಸಾಲದು, ಇಲ್ಲಿ ಸಾಕು. ಮಕ್ಕಳು ಈ ಒಂದು ಪದದ ವ್ಯತ್ಯಾಸ ಗಮನಿಸಿದರೆ ಸಂವಿಧಾನ ಓದುವುದು ಹೇಗೆಂದು ಅರ್ಧ ಕಲಿತಂತೆ.

ಜನಮತವನ್ನು ತರುವ ಪ್ರಯತ್ನ ಒಮ್ಮೆ ಆಗಿತ್ತು. ತುರ್ತುಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಜನತಾ ಸರಕಾರ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ 368ಕ್ಕೆ ಒಂದು ಸೇರ್ಪಡೆ ಇತ್ತು. ಸಂವಿಧಾನದ ಜಾತ್ಯತೀತ ಅಥವಾ ಪ್ರಜಾಸತ್ತಾತ್ಮಕ ಸ್ವರೂಪ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ, ಇವಕ್ಕೆ ಧಕ್ಕೆ ತರುವ ತಿದ್ದುಪಡಿಯಾದರೆ ಜನರ ಬಹುಮತ ಬೇಕು, ಒಟ್ಟು ಮತದಾರರ ಶೇ 51 ಆದರೂ ಮತ ಹಾಕಿರಬೇಕು. ಲೋಕಸಭೆ ಒಪ್ಪಿತು. ರಾಜ್ಯಸಭೆ ಆ ಕಲಮನ್ನು ತೆಗೆದುಹಾಕಿತು. ಉಳಿದ ಭಾಗ 44ನೇ ತಿದ್ದುಪಡಿಯಾಗಿ ಜಾರಿಗೆ ಬಂತು. ಮಸೂದೆಯ ಸಂಖ್ಯೆ 45, ತಿದ್ದುಪಡಿಯ ಸಂಖ್ಯೆ 44; ಇಲ್ಲಿ ತುಂಬಾ ಜನ ಎಡವುತ್ತಾರೆ. ಶೇ 51 ಈಗಲೂ ಕಾನೂನು ಎಂದು ಬರೆದದ್ದನ್ನೂ ಕಾಣಬಹುದು, ಅದು ಎಂದೂ ಕಾನೂನು ಆಗಲಿಲ್ಲ.

ಗೋವಾ: 1967ರ ಜನವರಿ 16ರಂದು ನಡೆದದ್ದು ಸಂಸತ್ತು 1966ರಲ್ಲಿ ಅದಕ್ಕೆಂದೇ ಮಾಡಿದ ಕಾಯ್ದೆಯಡಿ, ಸಂವಿಧಾನ ಒತ್ತಾಯಿಸಿದ್ದಕ್ಕಲ್ಲ. ಕಾಯ್ದೆಯ ಹೆಸರಿನಲ್ಲೇ ಅದು ‘ಅಭಿಪ್ರಾಯ ಮತದಾನ’. ಮಹಾರಾಷ್ಟ್ರದೊಂದಿಗೆ ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತವಾಗಿ ಉಳಿಯಲು ಎರಡೆಲೆ. ಎರಡೆಲೆ 34,021 ಮತಗಳಿಂದ ಗೆದ್ದಿತು. ಸಿಕ್ಕಿಂ: 1975ರ ಏಪ್ರಿಲ್ 14ರ ಮತದಾನ ಆಗುವಾಗ ಸಿಕ್ಕಿಂ ಇನ್ನೂ ಭಾರತದ ರಾಜ್ಯವಾಗಿರಲಿಲ್ಲ, ರಾಜ್ಯವಾದದ್ದು ಆಮೇಲೆ ಬಂದ 36ನೇ ತಿದ್ದುಪಡಿಯಿಂದ.

ಕಾಸರಗೋಡಿನ ಪ್ರಶ್ನೆಗೆ 3ನೇ ವಿಧಿ ಓದಬೇಕು. ಹೊಸ ರಾಜ್ಯ, ಗಡಿ ಬದಲಾವಣೆ, ಹೆಸರು ಬದಲಾವಣೆ ಎಲ್ಲಕ್ಕೂ ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ರಾಷ್ಟ್ರಪತಿಯವರು ಮಸೂದೆಯನ್ನು ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳಿಸಬೇಕು, ಅಷ್ಟೆ. ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲ ಎಂದು ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ವಾಸಿಸುವವರನ್ನು ಕೇಳಬೇಕೆಂದು ವಿಧಿಯಲ್ಲಿ ಎಲ್ಲೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದು ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆಯಿಂದ. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಕೂಡ ಶಿಫಾರಸು ಮಾತ್ರ. ಇದೇ ಜಾಗದಲ್ಲಿ ಜರ್ಮನಿಯನ್ನು ಇಟ್ಟು ತೋರಿಸಿ: ಸಂವಿಧಾನ ತಿದ್ದಲು ಅಲ್ಲಿ ಜನಮತ ಬೇಡ, ಆದರೆ ರಾಜ್ಯಗಳ ಗಡಿ ಮರುರಚನೆಗೆ 29ನೇ ವಿಧಿ ಜನಮತ ಕೇಳುತ್ತದೆ. 1996ರಲ್ಲಿ ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್ ಒಂದಾಗುವ ಯೋಜನೆಯನ್ನೂ ಎರಡು ಕಡೆಯ ಜನರ ಮುಂದಿಟ್ಟರು. ಬರ್ಲಿನ್ ಒಪ್ಪಿತು, ಬ್ರಾಂಡೆನ್‌ಬುರ್ಗಿನವರು ಬೇಡ ಎಂದರು, ಯೋಜನೆ ಅಲ್ಲಿಗೇ ನಿಂತಿತು. ಕಾಸರಗೋಡಿನ ಬಗ್ಗೆ ಕೇಳಿದ ಹುಡುಗನಿಗೆ ಈ ಸಾಲು ಖಂಡಿತ ತೋರಿಸಿ.

ತಲಪಾಡಿ ಗಡಿ

ಕಾಸರಗೋಡಿನ ಮಾತು ಬಂದದ್ದರಿಂದ ಅಲ್ಲಿನ ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿಯವರನ್ನು ಬಿಟ್ಟರೆ ಪಟ್ಟಿ ಪೂರ್ತಿಯಾಗಲಿಕ್ಕಿಲ್ಲ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂವಿಧಾನದ ಮೂಲ ಸಂರಚನೆಯನ್ನು 368ರಿಂದಲೂ ಕೆಡಿಸಲು ಬರುವುದಿಲ್ಲ ಎಂದಿತು. ಬೇರೆ ದೇಶಗಳು ಯಾವ ವಿಧಿಗಳಿಗೆ ಜನಮತದ ಬೀಗ ಹಾಕಿವೆಯೋ ಹೆಚ್ಚುಕಡಿಮೆ ಅದೇ ಜಾಗಕ್ಕೆ ನಮ್ಮಲ್ಲಿ ಕೋರ್ಟು ಬೀಗ ಹಾಕಿದೆ. ವ್ಯತ್ಯಾಸ ಇಷ್ಟೇ: ಸ್ಪೇನಿನಲ್ಲಾಗಲಿ ಶ್ರೀಲಂಕಾದಲ್ಲಾಗಲಿ ಬೀಗದ ಕೈ ಜನರ ಬಳಿ ಉಂಟು, ನಮ್ಮಲ್ಲಿ ಆ ಬೀಗಕ್ಕೆ ಕೀಲಿಕೈಯೇ ಇಲ್ಲ.

ಈ ಮಾತು ಬರೀ ಹೋಲಿಕೆ ಅಲ್ಲ, ಕೀನ್ಯಾದಲ್ಲಿ ಇದರ ಮೇಲೆಯೇ ಮೂರು ಹಂತದ ವ್ಯಾಜ್ಯ ನಡೆಯಿತು. ಅಲ್ಲಿನ 2010ರ ಸಂವಿಧಾನದ 255ನೇ ವಿಧಿ ಹತ್ತು ವಿಷಯಗಳಿಗೆ ಜನಮತ ಕಡ್ಡಾಯ ಮಾಡಿದೆ: ದೇಶದ ಭೂಪ್ರದೇಶ, ಜನರ ಪರಮಾಧಿಕಾರ, ಹಕ್ಕುಗಳ ಅಧ್ಯಾಯ, ಅಧ್ಯಕ್ಷರ ಅವಧಿ, ನ್ಯಾಯಾಂಗದ ಸ್ವಾತಂತ್ರ್ಯ, ಕೌಂಟಿ (ಅಲ್ಲಿನ ಜಿಲ್ಲೆಯಂಥ ಘಟಕ) ಸರಕಾರಗಳ ರಚನೆ ಇತ್ಯಾದಿ. 47 ಕೌಂಟಿಗಳಲ್ಲಿ ಅರ್ಧದಷ್ಟರಲ್ಲಾದರೂ, ಅಂದರೆ 24ರಲ್ಲಿ, ತಲಾ ಶೇ 20 ಮತದಾರರು ಬಂದಿರಬೇಕು, ಒಟ್ಟಾರೆ ಸರಳ ಬಹುಮತ ಸಿಗಬೇಕು. 2021ರಲ್ಲಿ ಅಲ್ಲಿನ ಹೈಕೋರ್ಟೂ ಮೇಲ್ಮನವಿ ನ್ಯಾಯಾಲಯವೂ ಕೇಶವಾನಂದ ತೀರ್ಪಿನ ಮೂಲ ಸಂರಚನೆ ತತ್ವವನ್ನು ಒಪ್ಪಿದವು. 2022ರ ಮಾರ್ಚ್ 31ರಂದು ಸುಪ್ರೀಂ ಕೋರ್ಟು ಆ ಭಾಗವನ್ನು ತಿರುಗಿಸಿತು: ತಿದ್ದುಪಡಿಯ ದಾರಿಯನ್ನು 255ರಿಂದ 257ನೇ ವಿಧಿಗಳು ಸ್ವತಃ ಹೇಳಿರುವಾಗ ಹೊರಗಿನ ತತ್ವ ಬೇಕಿಲ್ಲ ಎಂದು. ಜನಮತದ ಬೀಗ ಇರುವ ಕಡೆ ಕೋರ್ಟಿನ ಬೀಗ ಬೇಕಾ ಎಂಬ ಪ್ರಶ್ನೆಗೆ ಎಡನೀರಿನ ಹೆಸರು ನೈರೋಬಿಯ ತೀರ್ಪಿನವರೆಗೆ ಹೋಗಿದೆ. ಮಕ್ಕಳಿಗೆ ಇದು ಹೆಮ್ಮೆಯ ವಿಷಯ, ಭಾರತದ ಸಾಲಿನ ಕೆಳಗೆ ಒಂದು ಟಿಪ್ಪಣಿಯಾಗಿ ಬರೆಯಿರಿ.

ಮಲ್ಪೆ ಬಂದರು

ಎಲ್ಲ ಸರಿ ಮಾರಾಯ್ರೆ, ಆದರೆ ಕೋರಂ ಇರುವ ದೇಶ ಹೆಚ್ಚು ಭದ್ರ ಅಂತ ಮಕ್ಕಳು ತಿಳಿದುಕೊಳ್ಳುವುದು ಬೇಡ. ಕಾಪುವಿನವರ ಲೆಕ್ಕವನ್ನೇ ಮುಂದುವರಿಸಿ ನೋಡಿ. ಅರ್ಧ ಮತದಾರರು ಬರಲೇಬೇಕು ಎಂಬ ನಿಯಮ ಇದ್ದರೆ ‘ಇಲ್ಲ’ ಬಣಕ್ಕೆ ಬುದ್ಧಿವಂತಿಕೆಯ ದಾರಿ ಯಾವುದು? ಆ 1,60,000 ಮಂದಿ ಮತಗಟ್ಟೆಗೆ ಹೋದರೆ ಒಟ್ಟು 5,50,000 ಆಗಿ ಕೋರಂ ತುಂಬುತ್ತದೆ, ಅವರು ಸೋಲುತ್ತಾರೆ. ಮನೆಯಲ್ಲೇ ಉಳಿದರೆ ಒಟ್ಟು 3,90,000, ಶೇ 39, ಇಡೀ ಮತದಾನವೇ ಅಸಿಂಧು. ಅಂದರೆ ಮತ ಹಾಕದೆ ಗೆಲ್ಲಬಹುದು. ಸೊಸೈಟಿಯ ಮಹಾಸಭೆಯಲ್ಲಿ ಕೋರಂ ಮುರಿಯಲಿಕ್ಕೆ ಎದ್ದು ಹೊರಗೆ ಹೋಗುವವರನ್ನು ಎಲ್ಲರೂ ಕಂಡಿದ್ದಾರೆ, ಅದೇ ಇದು.

ರೊಮೇನಿಯಾದಲ್ಲಿ ಸಂವಿಧಾನ ತಿದ್ದುಪಡಿಗೆ ಜನಮತ ಕಡ್ಡಾಯ. ಶೇ 30 ಮತದಾರರಾದರೂ ಬರಬೇಕು. 2018ರ ಅಕ್ಟೋಬರಿನಲ್ಲಿ ವಿವಾಹದ ವ್ಯಾಖ್ಯೆ ಬದಲಿಸುವ ಮತದಾನಕ್ಕೆ ವಿರೋಧಿಗಳು ಬಹಿಷ್ಕಾರದ ಕರೆ ಕೊಟ್ಟರು. ಎರಡು ದಿನ ಮತಗಟ್ಟೆ ತೆರೆದಿಟ್ಟರೂ ಬಂದದ್ದು ಸುಮಾರು ಶೇ 21. ಬಿತ್ತು. ಇಲ್ಲಿ ಗುಪ್ತ ಮತದಾನವೂ ಕೆಡುತ್ತದೆ ಎಂಬುದು ನನ್ನ ದೊಡ್ಡ ತಕರಾರು: ಬಹಿಷ್ಕಾರ ಇರುವಾಗ ಮತಗಟ್ಟೆಗೆ ಹೋದವನು ಯಾವ ಕಡೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಸಂವಿಧಾನದ ವಿಷಯದಲ್ಲಿ ಸಲಹೆ ಕೊಡುವ ಯುರೋಪಿನ ವೆನಿಸ್ ಆಯೋಗ ಕೋರಂ ಬೇಡ ಎಂದು ಸಲಹೆ ಕೊಟ್ಟದ್ದು ಇಂಥ ಕಾರಣಗಳಿಗೇ.

ಹಂಪನಕಟ್ಟೆ ಕಡತ

ಕೋರಂ ಬಗ್ಗೆ ಒಪ್ಪುತ್ತೇನೆ. ಆದರೆ ಡೆನ್ಮಾರ್ಕಿನ ಶೇ 40 ಕೋರಂ ಅಲ್ಲ. ಅದು ‘ಹೌದು’ ಮತಗಳ ಕನಿಷ್ಠ ಪ್ರಮಾಣ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಅಲ್ಲಿ ‘ಇಲ್ಲ’ ಎನ್ನುವವನು ಮತಗಟ್ಟೆಗೆ ಹೋದರೂ ಹೌದು ಕಡೆಗೆ ಏನೂ ಸೇರುವುದಿಲ್ಲ, ಹೋದದ್ದರಿಂದ ಅವನಿಗೆ ನಷ್ಟವಿಲ್ಲ. ಮನೆಯಲ್ಲಿ ಕೂತು ಗೆಲ್ಲುವ ಆಟಕ್ಕೆ ಅಲ್ಲಿ ಬೆಲೆ ಕಡಿಮೆ.

ಮಿತಿ ಸಡಿಲವಾಗಿರುವ ವ್ಯವಸ್ಥೆಗೂ ಅಪಾಯ ಇದೆ, ಮಲ್ಪೆಯವರು ಅದನ್ನೂ ತೂಗಬೇಕು. ಶ್ರೀಲಂಕಾದ ಬೀಗವನ್ನೇ ನೋಡಿ. ಸಂಸತ್ತು ಆರು ವರ್ಷ ದಾಟಬಾರದು ಎಂದೇ 83ನೇ ವಿಧಿಯಲ್ಲಿ ಜನಮತ ಇಟ್ಟದ್ದು. 1982ರ ಡಿಸೆಂಬರ್ 22ರಂದು ಅದೇ ವಿಧಿಯ ಮೂಲಕ ಇರುವ ಸಂಸತ್ತಿನ ಅವಧಿಯನ್ನು ಇನ್ನೂ ಆರು ವರ್ಷ ಮುಂದುವರಿಸಿದರು, ಸುಮಾರು ಶೇ 54.7 ಹೌದು ಮತಗಳಿಂದ. ಸಾರ್ವತ್ರಿಕ ಚುನಾವಣೆಯೇ ನಡೆಯಲಿಲ್ಲ. ಕಾವಲಿಗೆ ಇಟ್ಟ ವಿಧಿ ಹೀಗೆ ಬಳಕೆಯಾದದ್ದನ್ನು ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ಅವಧಿ ವಿಸ್ತರಣೆಯಂಥ ವಿಷಯಕ್ಕೆ ಒಟ್ಟು ಮತದಾರರ ಮೇಲೆ ಲೆಕ್ಕ ಹಾಕುವ ಬಿಗಿಯಾದ ಮಿತಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಣಿಪಾಲ ಗುಡ್ಡೆ

ಎಲ್ಲರಿಗೂ ವಂದನೆ. ಈಗ ಕಾಲಂ ಹೀಗೆ ನಿಂತಿದೆ: ದೇಶ ಮತ್ತು ವಿಧಿ, ಏನಾದರೆ ಜನರ ಬಳಿ ಹೋಗಬೇಕು, ಸಂಸತ್ತಿನಲ್ಲಿ ಮೊದಲು ಎಷ್ಟು ಬೇಕು, ಎಷ್ಟು ದಿನದೊಳಗೆ, ಛೇದದಲ್ಲಿ ಯಾರು, ಮನೆಯಲ್ಲಿ ಕೂತವನ ಮತ ಯಾರ ಪಾಲಿಗೆ. ಕೊನೆಯದು ಮಕ್ಕಳೇ ಸೇರಿಸಿದ್ದು. ಪದಗಳಿಗೆ ‘ಜನಮತಗಣನೆ’, ‘ಅಭಿಪ್ರಾಯ ಮತದಾನ’ ಬೇರೆ ಬೇರೆಯಾಗಿ ಇಟ್ಟಿದ್ದೇವೆ. ಸ್ವಿಟ್ಜರ್ಲೆಂಡಿನ ಸಾಲು ಹೀಗೆ ಬರೆದಿದೆ, ಸರಿಯಾ ನೋಡಿ: ‘140ನೇ ವಿಧಿ, ಸಂವಿಧಾನದ ಯಾವ ತಿದ್ದುಪಡಿಗೂ, ಸಾಮೂಹಿಕ ಭದ್ರತಾ ಕೂಟ ಅಥವಾ ದೇಶಾತೀತ ಸಂಸ್ಥೆ ಸೇರುವುದಕ್ಕೂ, ಜನರ ಬಹುಮತ ಮತ್ತು ರಾಜ್ಯಗಳಂಥ 26 ಕ್ಯಾಂಟನ್‌ಗಳಲ್ಲಿ 14.’

ಕಾಪು ದೀಪಸ್ತಂಭ

ಕೊನೆಯ ಸಂಖ್ಯೆ ಬದಲಿಸಿ. ಕ್ಯಾಂಟನ್ 26 ಹೌದು, ಆದರೆ ಅದರಲ್ಲಿ ಆರಕ್ಕೆ 142ನೇ ವಿಧಿ ಪ್ರಕಾರ ಅರ್ಧ ಮತ ಮಾತ್ರ: ಒಬ್‌ವಾಲ್ಡನ್, ನಿಡ್‌ವಾಲ್ಡನ್, ಎರಡು ಬಾಸೆಲ್‌ಗಳು, ಎರಡು ಅಪ್ಪೆನ್‌ತ್ಸೆಲ್‌ಗಳು. 20 ಪೂರ್ತಿ, 6 ಅರ್ಧ, ಒಟ್ಟು 23. ಬೇಕಾದದ್ದು 12. ಹನ್ನೊಂದೂವರೆ–ಹನ್ನೊಂದೂವರೆ ಬಂದರೆ ಪ್ರಸ್ತಾವ ಬಿದ್ದ ಹಾಗೆ. ಒಬ್ಬೊಬ್ಬರ ಮತ ಎಣಿಸುವ ಕಡೆ ಮತ್ತು ಕ್ಯಾಂಟನ್ ಎಣಿಸುವ ಕಡೆ ಉತ್ತರ ಬೇರೆ ಬಂದದ್ದಕ್ಕೆ 2020ರ ನವೆಂಬರ್ 29 ಒಳ್ಳೆಯ ಉದಾಹರಣೆ: ಕಂಪನಿಗಳು ವಿದೇಶದಲ್ಲಿ ಮಾಡುವ ಹಾನಿಗೂ ಹೊಣೆಯಾಗಬೇಕು ಎಂಬ ಪ್ರಸ್ತಾವಕ್ಕೆ ಶೇ 50.7 ಹೌದು ಬಂತು, ಹೆಚ್ಚಿನ ಕ್ಯಾಂಟನ್‌ಗಳು ಇಲ್ಲ ಎಂದವು, ಬಿತ್ತು. ಇನ್ನೊಂದು, 140ರಲ್ಲಿ ಮೂರನೆಯ ಸಂದರ್ಭ ಬಿಟ್ಟುಹೋಗಿದೆ. ಸಂವಿಧಾನದ ಆಧಾರವಿಲ್ಲದೆ ತುರ್ತಾಗಿ ಮಾಡಿದ, ಒಂದು ವರ್ಷಕ್ಕಿಂತ ಹೆಚ್ಚು ಬಾಳುವ ಕಾಯ್ದೆಯನ್ನೂ ಸಂಸತ್ತು ಒಪ್ಪಿದ ಒಂದು ವರ್ಷದೊಳಗೆ ಜನರ ಮುಂದಿಡಬೇಕು. ಅದನ್ನೂ ಸೇರಿಸಿ.